ಅವನು ಕಳೆದುಹೋಗಿರಲಿಲ್ಲ

ಮೊನ್ನೆ ಬೆಂಗಳೂರಿನ ಒಂದು ಮನೆಯಲ್ಲಿ ಹಾಡು ಕೇಳುವ ಕೂಟವಿತ್ತು. ಕರೆದ ಗೆಳೆಯ ಒಳ್ಳೆಯವನು, ಇಲ್ಲ ಅನ್ನಲಾಗದೆ ಹೋದೆ. ಮನೆಯ ಯಜಮಾನರು ಒಂದು ಹಳೆಯ ಎಲ್.ಪಿ. ರೆಕಾರ್ಡನ್ನು ಎಳೆಗೂಸನ್ನು ಎತ್ತುವ ಹಾಗೆ ಎರಡೂ ಅಂಗೈಯಲ್ಲಿ ಎತ್ತಿ ತೋರಿಸಿದರು. ಬ್ರೆಜಿಲ್ ದೇಶದ್ದು, 1974ರದ್ದು. ಹಾಡಿದವನ ಹೆಸರು ಕಾರ್ತೊಲಾ. ಆಮೇಲೆ ಅವರು ಎರಡು ಮಾತು ಹೇಳಿದರು. ಮೊದಲನೆಯದು: "ಇದೊಂದು ಮಹಾ ಮರುಶೋಧ. ಕಳೆದೇ ಹೋಗಿದ್ದ ಮನುಷ್ಯನನ್ನು ಹುಡುಕಿ ತೆಗೆದರು." ಎರಡನೆಯದು: "ನಾಲ್ಕು ಕ್ಲಾಸು ಓದಿದ ಗಾರೆ ಕೆಲಸದವನು ಇಷ್ಟು ಸೂಕ್ಷ್ಮವಾಗಿ ಬರೆದಿದ್ದಾನೆ ಅಂದ್ರೆ ಪವಾಡವೇ ಸರಿ." ಕೂತಿದ್ದವರೆಲ್ಲ ತಲೆದೂಗಿದರು. ಕಾಫಿ ಬಂತು.

ಹಾಡು ಶುರುವಾಯಿತು. ಒಣಗಿದ, ಸ್ವಲ್ಪ ಒಡಕಲು ದನಿ. ಮುದುಕನ ದನಿ. ಅಬ್ಬರ ಇಲ್ಲ, ಆಲಾಪ ಇಲ್ಲ, ಮೆಚ್ಚಿಸಬೇಕೆನ್ನುವ ಹಟ ಇಲ್ಲ. ಜಗಲಿ ಮೇಲೆ ಕೂತ ಹಿರಿಯ ತನಗೆ ತಾನೇ ಹೇಳಿಕೊಂಡ ಹಾಗೆ. ಭಾಷೆ ಒಂದಕ್ಷರ ಅರ್ಥವಾಗಲಿಲ್ಲ. ಆದರೂ ಈ ದನಿ ನಮ್ಮ ಕೇರಿಯಲ್ಲಿ ನಾನು ಕೇಳಿದ್ದೇ ಅನ್ನಿಸಿತು. ಆ ಎರಡು ಮಾತು ಮಾತ್ರ ಗಂಟಲಲ್ಲಿ ಮುಳ್ಳಾಗಿ ಕೂತವು. ಅಲ್ಲಿ ನಾನು ಬಾಯಿ ಬಿಡಲಿಲ್ಲ. ಬಿಡಬೇಕಿತ್ತು. ಬಿಡದೆ ಬಂದ ನಾಚಿಕೆಗೆ ಇದನ್ನು ಬರೀತಿದೇನೆ. ಊರಿಗೆ ಬಂದ ಮೇಲೆ ತಿಂಗಳೊಪ್ಪತ್ತು ಅವನ ಹಾಡುಗಳನ್ನೇ ಕೇಳಿದೆ, ಅವನ ಬದುಕಿನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ.

ಗೆಳೆಯರೇ, ಕಳೆದುಹೋಗುವುದು ಅಂದರೇನು? ನಮ್ಮ ಮನೆ ಕೊಡಲಿ ಕಳೆದರೆ ನಮಗೆ ಕೆಲಸ ನಿಲ್ಲುತ್ತದೆ, ಅದಕ್ಕೇ ಹುಡುಕುತ್ತೇವೆ. ಒಬ್ಬ ಮನುಷ್ಯ ಹತ್ತು ವರ್ಷ ಕಣ್ಣಿಗೆ ಬೀಳದಿದ್ದರೂ ಯಾರ ಕೆಲಸವೂ ನಿಲ್ಲಲಿಲ್ಲ, ಅವನ ಹಾಡು ಮಾತ್ರ ಮಾರಾಟವಾಗುತ್ತಲೇ ಇತ್ತು ಅಂದರೆ ಅದಕ್ಕೆ ಕಳೆದುಹೋಗುವುದು ಅಂತಾರೋ, ಕಳೆದು ಎಸೆಯುವುದು ಅಂತಾರೋ?

ಈ 'ಕಂಡುಹಿಡಿಯುವ' ಮಾತು ಆ ದೇಶಕ್ಕೆ ಹೊಸದಲ್ಲ. ಬ್ರೆಜಿಲನ್ನೇ ಒಬ್ಬ 'ಕಂಡುಹಿಡಿದ'. 1500ರ ಏಪ್ರಿಲ್‌ನಲ್ಲಿ ಪೋರ್ಚುಗೀಸರ ಕಬ್ರಾಲ್ ಆ ತೀರದಲ್ಲಿ ಲಂಗರು ಹಾಕಿದ. ದಡದಲ್ಲಿ ಆ ನೆಲದ ಜನ ನಿಂತು ಅವನನ್ನು ನೋಡುತ್ತಿದ್ದರು. ಅವರು ಕಬ್ರಾಲನನ್ನು ಕಂಡುಹಿಡಿದರು ಅಂತ ಯಾವ ಪಠ್ಯಪುಸ್ತಕವೂ ಬರೆಯಲಿಲ್ಲ. ಅದೇ ಕಬ್ರಾಲ್ ಅದೇ ವರ್ಷ ಆಗಸ್ಟಿನಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪಕ್ಕೆ ಬಂದು, ಹಡಗು ರಿಪೇರಿ ಮಾಡಿಕೊಂಡು, ಕಲ್ಲೀಕೋಟೆಗೆ ಹೋಗಿ ಫಿರಂಗಿ ಹಾರಿಸಿದ. ಕಂಡುಹಿಡಿಯುವವರ ದಾರಿ ಎಲ್ಲೆಲ್ಲಿ ಹಾದುಹೋಗುತ್ತದೆ ನೋಡಿ.

ಆಮೇಲೆ ಮುನ್ನೂರು ಚಿಲ್ಲರೆ ವರ್ಷ ಆಫ್ರಿಕಾದಿಂದ ಜನರನ್ನು ಸರಪಳಿ ಹಾಕಿ ತಂದರು. ಸುಮಾರು 48 ಲಕ್ಷ ಜನ. ಜಗತ್ತಿನ ಬೇರೆ ಯಾವ ದೇಶಕ್ಕೂ ಅಷ್ಟು ಗುಲಾಮರು ಹೋಗಲಿಲ್ಲ. ಕಬ್ಬು, ಚಿನ್ನ, ಕಾಫಿ. ಕೂಟದಲ್ಲಿ ಕಾಫಿ ಕುಡಿಯುವಾಗ ಯಾರಿಗೂ ನೆನಪಾಗಲಿಲ್ಲ, ನನಗೂ ಆಗಲಿಲ್ಲ. ಗುಲಾಮಗಿರಿ ರದ್ದಾದದ್ದು 1888ರ ಮೇ 13ಕ್ಕೆ. ಆ ಖಂಡದಲ್ಲೇ ಕೊನೆಗೆ. ಆದರೆ ಜಾಣರು 1850ರಲ್ಲೇ ಭೂಮಿಯ ಕಾನೂನು ಮಾಡಿಟ್ಟಿದ್ದರು: ಸರ್ಕಾರಿ ನೆಲ ಬೇಕಾದವರು ದುಡ್ಡು ಕೊಟ್ಟೇ ಕೊಳ್ಳಬೇಕು. ಬಿಡುಗಡೆಯ ಕಾಗದ ಕೈಗೆ ಬಂತು, ಒಂದು ಕುಂಟೆ ನೆಲ ಬರಲಿಲ್ಲ. ಎರಡೇ ವರ್ಷಕ್ಕೆ, 1890ರ ದಂಡಸಂಹಿತೆಯಲ್ಲಿ, ಕೆಲಸವಿಲ್ಲದೆ ಅಲೆಯುವುದು ಅಪರಾಧ ಅಂತ ಬರೆದರು. ನೆಲ ಕೊಡದವರೇ ಅಲೆಯಬೇಡ ಅಂದರು. ಜೀತದಿಂದ ಬಿಡಿಸಿ ಬೀದಿಯಲ್ಲಿ ನಿಲ್ಲಿಸಿದ ಕತೆಯನ್ನು ಈ ಪತ್ರಿಕೆಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಬೀದಿಗೆ ಬಿದ್ದ ಜನ ರಿಯೋ ದಿ ಜನೈರೊ ನಗರದ ಗುಡ್ಡಗಳನ್ನು ಹತ್ತಿದರು. ಹಲಗೆ, ತಗಡು, ಮಣ್ಣು, ಸಿಕ್ಕಿದ್ದರಲ್ಲಿ ಗುಡಿಸಲು ಕಟ್ಟಿದರು. ಆ ಕೇರಿಗಳಿಗೆ ಫವೇಲಾ ಅಂತಾರೆ. ಅಲ್ಲಿಂದ ಇಳಿದು ಬಂದ ಹಾಡು ಸಾಂಬಾ. ಇವತ್ತು ಬ್ರೆಜಿಲ್ ಅಂದ್ರೆ ಸಾಂಬಾ ಅಂತ ವಿಮಾನ ಕಂಪನಿಗಳು ಜಾಹೀರಾತು ಹಾಕುತ್ತವೆ. ಆಗ ಅದನ್ನು ನುಡಿಸಿದವರನ್ನು ಪೊಲೀಸರು ಅಟ್ಟಿಸಿಕೊಂಡು ಹೋಗುತ್ತಿದ್ದರು. ಜೊಆಂವ್ ದ ಬಯಾನಾ ಅಂತ ಒಬ್ಬ, ಪಾಂದೇರೂ ಬಾರಿಸುವವನು. ಪಾಂದೇರೂ ಅಂದರೆ ಅಂಚಿಗೆ ಬಿಲ್ಲೆ ಕಟ್ಟಿದ, ನಮ್ಮ ದಮ್ಮಡಿಯ ಹಾಗಿರುವ ವಾದ್ಯ. ಪೊಲೀಸರು ಅದನ್ನು ಕಿತ್ತುಕೊಂಡರು. ಒಬ್ಬ ಸೆನೆಟರು, ಪಿನ್ಯೇರೊ ಮಚಾದೂ, ಬೇರೊಂದು ಕೊಡಿಸಿ ಅದರ ಮೇಲೆ ತನ್ನ ಹೆಸರು ಬರೆಸಿಕೊಟ್ಟ. ಆಮೇಲೆ ಪೊಲೀಸರು ಮುಟ್ಟಲಿಲ್ಲ. ಧಣಿಯ ರುಜು ಇದ್ದರೆ ಚರ್ಮವಾದ್ಯಕ್ಕೂ ಮೈಲಿಗೆ ಕಳೆಯುತ್ತದೆ!

ಇಂಥ ಒಂದು ಗುಡ್ಡದ ಹೆಸರು ಮಂಗೇಯ್ರಾ. ಪೋರ್ಚುಗೀಸಿನಲ್ಲಿ ಹಾಗಂದರೆ ಮಾವಿನ ಮರ. ಮರವನ್ನೂ ಹಣ್ಣಿನ ಹೆಸರನ್ನೂ ಅವರು ಒಯ್ದದ್ದು ನಮ್ಮ ಪಡುವಣ ಕರಾವಳಿಯಿಂದಲೇ, ಮಾಂಗಾಯಿ ಅನ್ನುವ ದಕ್ಷಿಣದ ಮಾತಿನಿಂದಲೇ. 1908ರ ಅಕ್ಟೋಬರ್ 11ರಂದು ಹುಟ್ಟಿದ ನಮ್ಮ ಹುಡುಗ ಆ ಗುಡ್ಡಕ್ಕೆ ಬಂದಾಗ ಅವನಿಗೆ ಹನ್ನೊಂದು ವರ್ಷ. ಅದಕ್ಕೂ ಮುಂಚೆ ಕುಟುಂಬ ಕೆಳಗೆ ನಗರದಲ್ಲಿತ್ತು. ತಾತ ದೊಡ್ಡವರ ಮನೆಯಲ್ಲಿ ಅಡುಗೆಯವನು. ಕೈ ಖಾಲಿಯಾದ ಮೇಲೆ ಗುಡ್ಡ ಹತ್ತಿದರು. ತಾಯಿ ಸತ್ತಳು, ತಂದೆ ಕೈಬಿಟ್ಟ. ಹುಡುಗ ಅಚ್ಚುಮೊಳೆ ಜೋಡಿಸಿದ, ಗಾರೆ ಕೆಲಸಕ್ಕೆ ಹೋದ. ಸಿಮೆಂಟು ತಲೆಗೆ ಬೀಳಬಾರದು ಅಂತ ಒಂದು ಗುಂಡು ಟೋಪಿ ಹಾಕಿಕೊಳ್ಳುತ್ತಿದ್ದ. ಸಾಹೇಬರ ಟೋಪಿ ಹಾಕಿದ ಗಾರೆಯವನನ್ನು ಕಂಡು ಜೊತೆಯ ಕೂಲಿಗಳು ನಕ್ಕು 'ಕಾರ್ತೊಲಾ' ಅಂದರು. ಉದ್ದ ಟೋಪಿಯವನು ಅಂತ ಅರ್ಥ. ಅದೇ ಹೆಸರು ನಿಂತಿತು.

ಅವನ ನಿಜ ಹೆಸರಿನದೂ ಒಂದು ಕತೆ. ಐವತ್ತೈದು ವರ್ಷದವರೆಗೂ ತನ್ನ ಹೆಸರು ಅಜೆನೋರ್ ಅಂದುಕೊಂಡಿದ್ದ. 1964ರಲ್ಲಿ ಮದುವೆ ನೋಂದಣಿಗೆ ಕಾಗದ ತೆಗೆಸಿದಾಗ ಗೊತ್ತಾಯಿತು, ದಾಖಲೆಯಲ್ಲಿರುವುದು ಆಂಜೆನೋರ್ ಅಂತ. ಇದನ್ನು ಓದಿ ನಾನು ಒಬ್ಬನೇ ನಕ್ಕೆ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬಾಯಿಗೆ ಬಂದ ಹೆಸರು, ಕೈಗೆ ಬಂದ ಹುಟ್ಟಿದ ದಿನ ಬರೆದುಕೊಂಡ ಮಕ್ಕಳು ನಮ್ಮಲ್ಲಿ ಎಷ್ಟು ಜನ! ನಮ್ಮ ಕೇರಿಯ ಅರ್ಧ ಜನ ಜೂನ್ ಒಂದನೇ ತಾರೀಕೇ ಹುಟ್ಟಿದವರು. ಇದನ್ನು ಓದುವ ಹಳ್ಳಿ ಮೇಷ್ಟ್ರುಗಳು ಮುನಿಸಿಕೊಳ್ಳಬಾರದು; ದಾಖಲಾತಿ ಪುಸ್ತಕವನ್ನು ಇನ್ನೊಂದು ಸಲ ತೆಗೆದು ನೋಡಬೇಕು.

1928ರಲ್ಲಿ ಈ ಗಾರೆ ಹುಡುಗ, ಗೆಳೆಯ ಕಾರ್ಲೊಸ್ ಕಶಾಸಾ ಮತ್ತು ಇನ್ನೂ ಕೆಲವರ ಬಳಗ ಸೇರಿಕೊಂಡು ಮಂಗೇಯ್ರಾದ ಸಾಂಬಾ ಶಾಲೆ ಕಟ್ಟಿದರು. ಶಾಲೆ ಅಂದ ಕೂಡಲೇ ಕರಿಹಲಗೆ ಬೆಂಚು ಅಂದುಕೊಳ್ಳಬೇಡಿ. ಇಡೀ ಕೇರಿ ಸೇರಿ ಹಾಡು ಕಟ್ಟಿ, ಡೋಲು ಬಿಗಿದು, ಬಟ್ಟೆ ಹೊಲಿದು, ವರ್ಷಕ್ಕೊಮ್ಮೆ ಕಾರ್ನಿವಲ್ ಹಬ್ಬದಲ್ಲಿ ನಗರದ ಎದೆಯ ಮೇಲೆ ಮೆರವಣಿಗೆ ಹೊರಡುವ ಕೂಟ ಅದು. ಹಸಿರು ಮತ್ತು ಗುಲಾಬಿ ಬಣ್ಣ ಆರಿಸಿದವನು ಕಾರ್ತೊಲಾ. ಹಸಿರಿಗೂ ಗುಲಾಬಿಗೂ ಹೊಂದೋದಿಲ್ಲ ಅಂತ ಕೆಲವರು ಗೊಣಗಿದರಂತೆ. ಅವನು ಕೇಳಲಿಲ್ಲ. ಇಂದಿಗೂ ಅದೇ ಬಣ್ಣ.

ಈಗ ಲೆಕ್ಕಕ್ಕೆ ಬರೋಣ. ಆಗಷ್ಟೇ ರೇಡಿಯೊ, ಗ್ರಾಮಫೋನು ಬೆಳೆಯುತ್ತಿದ್ದ ಕಾಲ. ಕೆಳಗಿನ ನಗರದ ಬಿಳಿಯ ಗಾಯಕರಿಗೆ ಹಾಡು ಬೇಕು, ಹಾಡು ಇರುವುದು ಗುಡ್ಡದ ಮೇಲೆ. ದಲ್ಲಾಳಿಗಳು ಗುಡ್ಡ ಹತ್ತಿದರು. ಮಾರಿಯೊ ರೇಯ್ಸ್ ಅನ್ನುವ ಗಾಯಕ ನಿನ್ನ ಸಾಂಬಾ ಕೊಂಡುಕೊಳ್ತಾನಂತೆ ಅಂದಾಗ ಕಾರ್ತೊಲಾ ದಂಗಾದ. ಹಾಡನ್ನು ಮಾರುವುದು ಅಂದರೆ ಏನು? ಅದೇನು ಕೋಳಿಯೇ, ಕುಂಬಳಕಾಯಿಯೇ? ಐವತ್ತು ಕೇಳೋಣ ಅಂದುಕೊಂಡಿದ್ದನಂತೆ. ಗೆಳೆಯ ಐನೂರು ಕೇಳು ಅಂದ. ಕೊನೆಗೆ 300 ಮಿಲ್ ರೇಇಸ್‌ಗೆ ಕುದುರಿತು. 1929ರಲ್ಲಿ ಅದನ್ನು ತಟ್ಟೆಗೆ ಹಾಡಿದವನು ಫ್ರಾನ್ಸಿಸ್ಕೊ ಆಲ್ವಿಸ್, ಆ ಕಾಲದ ಗಾಯಕರ ರಾಜ. ಆಲ್ವಿಸನಿಗೆ ಗುಡ್ಡದ ಹಾಡು ಕೊಳ್ಳುವುದೇ ಒಂದು ವ್ಯಾಪಾರವಾಗಿತ್ತು. ಎಷ್ಟೋ ತಟ್ಟೆಗಳ ಮೇಲೆ ಹಾಡು ಕಟ್ಟಿದವರ ಹೆಸರಿನ ಪಕ್ಕ ಅವನ ಹೆಸರೂ ಸೇರಿಕೊಂಡಿತು. ಕಾರ್ತೊಲಾ ಹಾಡು ಕಟ್ಟಿದವನು ತಾನು ಅನ್ನುವುದನ್ನು ಬಿಟ್ಟುಕೊಡಲಿಲ್ಲ. ಇಪ್ಪತ್ತು ದಾಟಿದ್ದ ಹುಡುಗನ ಆ ಒಂದು ಹಟವನ್ನು ನೆನಪಿಡಿ.

1940ರಲ್ಲಿ ಇನ್ನೂ ದೊಡ್ಡ ಬೇಟೆಗಾರ ಬಂದ. ಅಮೆರಿಕದ ದೊಡ್ಡ ವಾದ್ಯಮೇಳದ ನಾಯಕ ಸ್ಟೊಕೊವ್‌ಸ್ಕಿ 'ಉರುಗ್ವೇ' ಅನ್ನುವ ಹಡಗಿನಲ್ಲಿ ರಿಯೋಗೆ ಬಂದು, ಬ್ರೆಜಿಲಿನ ಪ್ರಸಿದ್ಧ ಸಂಗೀತಗಾರ ವಿಲ್ಲಾ ಲೋಬೊಸನ ಕೈಯಲ್ಲಿ ಜನಪದ, ಸಾಂಬಾ ಹಾಡುಗಾರರನ್ನೆಲ್ಲ ಕರೆಸಿದ. ಬಂದರಿನಲ್ಲಿ ನಿಂತ ಹಡಗಿನೊಳಗೇ ಮುದ್ರಣ. ಕಾರ್ತೊಲಾನೂ ಹೋಗಿ ಹಾಡಿದ. 1942ರಲ್ಲಿ ಕೊಲಂಬಿಯಾ ಕಂಪನಿ ಅದನ್ನು 'ಬ್ರೆಜಿಲಿನ ಮೂಲಸಂಗೀತ' ಅನ್ನುವ ಅರ್ಥದ ಹೆಸರಿಟ್ಟು ಅಮೆರಿಕದಲ್ಲಿ ಮಾರಿತು. ಕಾರ್ತೊಲಾನ ಕೈಗೆ ಬಂದದ್ದು ಮೂರು ಪ್ಯಾಕೆಟ್ ಸಿಗರೇಟಿಗೆ ಆಗುವಷ್ಟು ಚಿಲ್ಲರೆ ಅಂತ ಅವನ ಕತೆ ಬರೆದವರು ಹೇಳುತ್ತಾರೆ. ಅವತ್ತು ಹಾಡಿದ ಹಾಡು ಅವನೂ ಕಾರ್ಲೊಸ್ ಕಶಾಸಾನೂ ಕಟ್ಟಿದ್ದು. ನಗುವ ಮುಖದ ಹಿಂದಿನ ಅಳುವಿನ ಬಗ್ಗೆ. ಈ ಹಾಡಿಗೆ ಮತ್ತೆ ಬರುತ್ತೇನೆ.

ಆಮೇಲೆ ಕಾಯಿಲೆ. 1940ರ ದಶಕದ ಕೊನೆಯ ವರ್ಷಗಳಲ್ಲಿ ಮಿದುಳಿನ ಜ್ವರ ಬಂದು ಮನುಷ್ಯ ಹಣ್ಣಾದ. ಹುಡುಗನಾಗಿದ್ದಾಗ ಅನಾಥ ಬಿದ್ದಿದ್ದವನನ್ನು ಎತ್ತಿ ಅನ್ನ ಹಾಕಿ ಬದುಕಿಸಿದ್ದ, ಆಮೇಲೆ ಸಂಗಾತಿಯಾದ ದೆಯೊಲಿಂದಾ ತೀರಿಕೊಂಡಳು. ಅವನು ಗುಡ್ಡ ಬಿಟ್ಟು ಹೋದ. ನಗರದಲ್ಲಿ ಅವನು ಸತ್ತ ಅಂತ ಸುದ್ದಿ. ಸತ್ತವನ ಹಾಡು ಹಾಡಲು ಇನ್ನೂ ಸಲೀಸು, ಯಾರಿಗೂ ಮುಖ ತೋರಿಸಬೇಕಾಗಿಲ್ಲ.

ಈಗ ಆ 'ಮರುಶೋಧ'ದ ದೃಶ್ಯ. 1956ರ ಸುಮಾರಿಗೆ, ಸಮುದ್ರದಂಡೆಯ ಸಿರಿವಂತರ ಬಡಾವಣೆ ಇಪನೇಮಾದಲ್ಲಿ, ಸೆರ್ಜಿಯೊ ಪೋರ್ತೊ ಅನ್ನುವ ಪತ್ರಕರ್ತ ಕಾರು ತೊಳೆಯುವ ಒಬ್ಬ ಬಡಕಲು ಕರಿಯನನ್ನು ಕಂಡು ಗುರುತು ಹಿಡಿದ. ರೇಡಿಯೊಗೆ ಕರೆದುಕೊಂಡು ಹೋದ, ಪತ್ರಿಕೆಯಲ್ಲಿ ಬರೆದ. ಬದುಕಿದ್ದಾನೆ! ಸಿಕ್ಕಿದ! ಇಂದಿನವರೆಗೂ ಯಾರು ಕಾರ್ತೊಲಾನ ಬಗ್ಗೆ ಬರೆದರೂ ಈ ದೃಶ್ಯದಿಂದಲೇ ಮೈ ಜುಮ್ಮೆನಿಸುತ್ತಾರೆ.

ಪೋರ್ತೊ ಮಾಡಿದ್ದು ಒಳ್ಳೆಯದೇ, ನಾನು ಅದನ್ನು ಅಲ್ಲಗಳೆಯೋದಿಲ್ಲ. ಆದರೆ ಕೇಳಿ. ಕಾರ್ತೊಲಾ ಯಾವ ಕಾಡಿನಲ್ಲೂ ಇರಲಿಲ್ಲ, ಯಾವ ಗುಹೆಯಲ್ಲೂ ಇರಲಿಲ್ಲ. ಅವರದೇ ಬೀದಿಯಲ್ಲಿ, ಅವರದೇ ಕಾರಿನ ಪಕ್ಕ, ಕೈಯಲ್ಲಿ ಅವರದೇ ಒದ್ದೆ ಬಟ್ಟೆ ಹಿಡಿದು ನಿಂತಿದ್ದ. ದಿನಾ ಬೆಳಗ್ಗೆ ಎಷ್ಟು ಜನ ಅವನ ಕೈಯಿಂದ ಬೀಗದ ಕೈ ಇಸಕೊಂಡಿರಬೇಕು. ಎಷ್ಟು ಜನ ಅವನ ಹಾಡನ್ನೇ ಗುನುಗುತ್ತ ಕಾರು ಹತ್ತಿರಬೇಕು. ಕಣ್ಣ ಮುಂದೆ ನಿಂತವನು ಕಾಣದಿದ್ದರೆ ಕಳೆದದ್ದು ಅವನೋ, ನಿಮ್ಮ ಕಣ್ಣೋ?

ಇನ್ನೊಂದು ವಿಷಯ ಇದೆ, ಕೂಟದ ಯಜಮಾನರು ಹೇಳದೇ ಬಿಟ್ಟದ್ದು. ಪತ್ರಕರ್ತನಿಗಿಂತ ಕೆಲವು ವರ್ಷ ಮೊದಲೇ ಅವನನ್ನು ಹುಡುಕಿಕೊಂಡು ಹೋದ ಒಬ್ಬಳಿದ್ದಳು. ಮಂಗೇಯ್ರಾದ ಹೆಣ್ಣುಮಗಳು, ಹೆಸರು ಜೀಕಾ. ಕುಡಿತಕ್ಕೆ ಬಿದ್ದು, ಹಲ್ಲು ಉದುರಿ, ಹಾಡು ಬಿಟ್ಟು ಕೂತಿದ್ದವನನ್ನು ಅವಳು ಗುಡ್ಡಕ್ಕೆ ಕರೆತಂದಳು, ಕೈಗೆ ಗಿಟಾರು ಬರುವ ಹಾಗೆ ಮಾಡಿದಳು. ಪತ್ರಕರ್ತ ಕಂಡದ್ದು ಜೀಕಾ ಆಗಲೇ ಬದುಕಿಸಿದ್ದ ಮನುಷ್ಯನನ್ನು. ಅವಳು ಪತ್ರಿಕೆಯಲ್ಲಿ ಬರೆಯಲಿಲ್ಲ, ಅನ್ನ ಬಡಿಸಿದಳು. ಅದಕ್ಕೇ ಮರುಶೋಧದ ಚರಿತ್ರೆಯಲ್ಲಿ ಅವಳು 'ಹೆಂಡತಿ', ಅವನು 'ಶೋಧಕ'.

ಸಿಕ್ಕ ಮೇಲೆ ಏನಾಯಿತು? ಹಾಡಿನಿಂದ ಹೊಟ್ಟೆ ತುಂಬಿತೇ? ಇಲ್ಲ. ಸರ್ಕಾರದ ಒಂದು ಮಂತ್ರಾಲಯದಲ್ಲಿ ಜವಾನನಾದ. ಫೈಲು ಒಯ್ಯುವುದು, ಕಾಫಿ ತಂದುಕೊಡುವುದು. 1963ರಲ್ಲಿ ಜೀಕಾ ಮತ್ತು ಅವನು ನಗರದ ನಡುವೆ, ಕರಿಯೊಕಾ ಬೀದಿಯಲ್ಲಿ, ಒಂದು ಖಾನಾವಳಿ ತೆಗೆದರು. ಇಬ್ಬರ ಹೆಸರೂ ಸೇರಿ ಜೀಕಾರ್ತೊಲಾ. ಅವಳದು ಒಲೆ, ಅವನದು ಹಾಡು. ಗುಡ್ಡದ ಹಳೆಯ ಸಾಂಬಾಗಾರರೂ ಕೆಳಗಿನ ನಗರದ ವಿದ್ಯಾರ್ಥಿಗಳೂ ಒಂದೇ ಮೇಜಿನಲ್ಲಿ ಕೂತದ್ದು ಅಲ್ಲಿ. ಪಾವ್ಲಿನ್ಯೊ ದ ವಿಯೋಲಾ ಅನ್ನುವ ಹುಡುಗ ಹಾಡಿಗಾಗಿ ಮೊದಲ ಸಲ ದುಡ್ಡು ಇಸಕೊಂಡದ್ದು ಕಾರ್ತೊಲಾನ ಕೈಯಿಂದ, ಅಲ್ಲೇ. ನೋಡಿ, ದುಡ್ಡು ಕಾಣದವನು ಇನ್ನೊಬ್ಬನಿಗೆ ಕೊಟ್ಟ! ಸಿರಿವಂತರ ಮಗಳಾದ ನಾರಾ ಲೆಯಾಂವ್ 1964ರಲ್ಲಿ ತನ್ನ ಮೊದಲ ಎಲ್.ಪಿ.ಯಲ್ಲಿ ಗುಡ್ಡದ ಹಾಡುಗಳನ್ನು, ಕಾರ್ತೊಲಾನ ಒಂದನ್ನೂ ಸೇರಿಸಿ, ಕಟ್ಟಿದವರ ಹೆಸರು ಹೇಳಿಯೇ ಹಾಡಿದಳು. ಅದೇ ವರ್ಷ ಸೈನ್ಯ ಅಧಿಕಾರ ಕಿತ್ತುಕೊಂಡಿತು. ಇಪ್ಪತ್ತೊಂದು ವರ್ಷ ಬಿಡಲಿಲ್ಲ. ಖಾನಾವಳಿ ಎರಡು ವರ್ಷಕ್ಕೆ ಮುಚ್ಚಿತು. ವ್ಯಾಪಾರ ಅವರಿಗೆ ಬರುತ್ತಿರಲಿಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಸಾಲದ ಲೆಕ್ಕ ತೀರಿಸದೆ ಎದ್ದುಹೋದ ಗಿರಾಕಿಗಳ ಬಗ್ಗೆ ಅಷ್ಟು ಪ್ರೀತಿಯಿಂದ ಬರೆದದ್ದು ಕಾಣೆ.

ಕೊನೆಗೆ 1974. ಮಾರ್ಕುಸ್ ಪೆರೇರಾ ಅನ್ನುವವನು ಜಾಹೀರಾತಿನ ವ್ಯಾಪಾರ ಮಾಡುತ್ತಿದ್ದವನು, ಅದನ್ನು ಬಿಟ್ಟು ಜನರ ಹಾಡಿಗೆ ದುಡ್ಡು ಸುರಿದ ಒಂಥರಾ ಹುಚ್ಚ. ಪೆಲಾಂವ್ ಅಂತ ಕರೆಸಿಕೊಳ್ಳುವ ನಿರ್ಮಾಪಕ ಈ ರೆಕಾರ್ಡು ಮಾಡಿಸಿದ. ಪೆರೇರಾನ ಮೇಲೆ ನನಗೆ ಸಿಟ್ಟಿಲ್ಲ. ಸಾಲದಲ್ಲಿ ಮುಳುಗಿ 1981ರಲ್ಲಿ ತಾನೇ ಪ್ರಾಣ ಕಳೆದುಕೊಂಡ. ಕಾರ್ತೊಲಾನ ಹೆಸರು ಹೊತ್ತ, ಅವನೇ ಹಾಡಿದ ಮೊದಲ ಪೂರ್ತಿ ರೆಕಾರ್ಡು ಬಂದಾಗ ಅವನಿಗೆ ಅರವತ್ತೈದು ವರ್ಷ. ಮೊದಲ ಹಾಡು ಮಾರಿ ನಲವತ್ತೈದು ವರ್ಷ ಆಗಿತ್ತು.

ಹನ್ನೆರಡು ಹಾಡು, ಅರ್ಧ ಗಂಟೆಯ ಆಸುಪಾಸು. ದೊಡ್ಡ ಮೇಳ ಇಲ್ಲ. ಏಳು ತಂತಿಯ ಗಿಟಾರು ಹಿಡಿದವನು ದೀನೊ. ಅದರ ಕೆಳಸ್ಥಾಯಿಯ ತಂತಿ ಹಾಡಿನ ಕೆಳಗೆ ಹರಿಯುತ್ತ, ಹಾಡುವವನಿಗೆ ಮರುಮಾತು ಕೊಡುತ್ತ ಹೋಗುತ್ತದೆ. ಇನ್ನೊಂದು ಗಿಟಾರು ಮೇಯ್ರಾನದು. ಕವಾಕಿನ್ಯೊ ಅನ್ನುವ ನಾಲ್ಕು ತಂತಿಯ ಪುಟ್ಟ ವಾದ್ಯ ಕನ್ಯೊತೊನದು. ಮೂವರೂ ಎಷ್ಟೋ ದಶಕ ರೇಡಿಯೊದಲ್ಲಿ ಬೇರೆಯವರ ಹಿಂದೆ ಕೂತು ನುಡಿಸಿದವರು, ಹೆಸರು ಹೇಳಿಸಿಕೊಳ್ಳದವರು. ತಾಳವಾದ್ಯಗಳು ಬಡಿಯುವುದಿಲ್ಲ, ಪಕ್ಕದಲ್ಲಿ ನಡೆಯುತ್ತವೆ. ಅವುಗಳ ನಡುವೆ ಆ ಒಡಕಲು ದನಿ. ಬೆಳಗಾಗುವಾಗ ಗುಡ್ಡ ಹೇಗೆ ಕಾಣುತ್ತದೆ ಅನ್ನುವ ಹಾಡೊಂದಿದೆ. ಕೊಳಗೇರಿ ಅಂದ್ರೆ ಬರೀ ಕೊಚ್ಚೆ ಅಂದುಕೊಂಡವರು ಆ ಬೆಳಗನ್ನು ಕಂಡೇ ಇಲ್ಲ. ಮತ್ತೆ, ಆಗ ಬಿಟ್ಟಿದ್ದ ಆ ಹಾಡು: 1940ರಲ್ಲಿ ಹಡಗಿನೊಳಗೆ ಸಿಗರೇಟಿನ ಕಾಸಿಗೆ ಹಾಡಿದ್ದು. ಅದನ್ನೇ ಮೂವತ್ನಾಲ್ಕು ವರ್ಷ ಕಾದು ಇಲ್ಲಿ ಮತ್ತೆ ಹಾಡಿದ್ದಾನೆ. ರಸಿಕರು ಇದನ್ನು ಹಳೆಯ ಹಾಡಿನ ಮಾಧುರ್ಯ ಅನ್ನಲಿ. ನನಗೆ ಇದು ಬಾಕಿ ವಸೂಲಿಗೆ ಬಂದವನು ಬಾಗಿಲು ತಟ್ಟಿದ ಸದ್ದು. ಮೆಲ್ಲಗೆ ತಟ್ಟುತ್ತಾನೆ, ಅಷ್ಟೆ.

ಈಗ ಆ ಎರಡನೆಯ ಮಾತು, ಪವಾಡದ ಮಾತು. ನಾಲ್ಕು ಕ್ಲಾಸು ಓದಿದವನು ಇಷ್ಟು ಶುದ್ಧ ಪೋರ್ಚುಗೀಸಿನಲ್ಲಿ, ಇಷ್ಟು ನಯವಾಗಿ ಬರೆದದ್ದು ಹೇಗೆ ಅಂತ ಬ್ರೆಜಿಲಿನ ವಿಮರ್ಶಕರೂ ಆಶ್ಚರ್ಯಪಟ್ಟದ್ದುಂಟು. ಹೊಗಳಿಕೆಯ ಹಾಗೆ ಕೇಳಿಸುವ ಬೈಗುಳ ಇದು. ಮನೆಗೆ ಮೊದಲ ಪದವೀಧರನಾಗಿ ಬಂದ ಪ್ರತಿಯೊಬ್ಬನೂ ಈ ಬೈಗುಳ ತಿಂದಿದ್ದಾನೆ: "ನಿಮ್ಮನ್ನು ನೋಡಿದ್ರೆ ಹಾಗನ್ನಿಸೋದೇ ಇಲ್ಲ." "ಕನ್ನಡ ಎಷ್ಟು ಚೆನ್ನಾಗಿ ಮಾತಾಡ್ತೀರಿ." ಪ್ರತಿಭೆಯನ್ನು ಒಪ್ಪಿಕೊಂಡರೆ ಜನಾಂಗದ ಹಕ್ಕನ್ನು ಒಪ್ಪಬೇಕಾಗುತ್ತದೆ. ಪವಾಡ ಅಂದುಬಿಟ್ಟರೆ ಒಬ್ಬನಿಗೆ ಹಾರ ಹಾಕಿ ಉಳಿದವರನ್ನು ಬಾಗಿಲಲ್ಲೇ ನಿಲ್ಲಿಸಬಹುದು. ಅವನೊಬ್ಬನೇ ಆಗಿರಲಿಲ್ಲ, ಸ್ವಾಮಿ. ಪಕ್ಕದಲ್ಲಿ ಕಾರ್ಲೊಸ್ ಕಶಾಸಾ ಇದ್ದ, ನೆಲ್ಸನ್ ಕವಾಕಿನ್ಯೊ ಇದ್ದ. ಇಪ್ಪತ್ತಕ್ಕೂ ಹೆಚ್ಚು ವರ್ಷ ಮನೆಗೆಲಸ ಮಾಡಿ, ಅರವತ್ತು ದಾಟಿದ ಮೇಲೆ ವೇದಿಕೆ ಹತ್ತಿದ ಕ್ಲೆಮೆಂತಿನಾ ದಿ ಜೆಜುಸ್ ಇದ್ದಳು. ಅವಳನ್ನೂ 'ಕಂಡುಹಿಡಿದರು' ಅನ್ನಿ! ಗುಡ್ಡವೇ ಒಂದು ವಿಶ್ವವಿದ್ಯಾಲಯ. ನಿಮಗೆ ಅದರ ಪದವಿಪತ್ರ ಓದಲು ಬರೋದಿಲ್ಲ.

ಅವರಿಗಷ್ಟೇ ಬೈದು ಬಿಟ್ಟರೆ ನನ್ನ ಲೇಖನ ಅರ್ಧ ಸುಳ್ಳಾಗುತ್ತದೆ. ನಮ್ಮವರಿಗೂ ಒಂದು ಮಾತು ಹೇಳಬೇಕು. ಈ ಹಾಡುಗಳನ್ನು ಸಂಘಟನೆಯ ಗೆಳೆಯರಿಗೆ ಕೇಳಿಸಿದೆ. ಒಬ್ಬ ಸಂಗಾತಿ, ನನಗಿಂತ ಹಿರಿಯ, ಜೈಲು ಕಂಡವನು, ಅಂದ: "ಇದರಲ್ಲಿ ಹೋರಾಟ ಎಲ್ಲಪ್ಪಾ ಇದೆ? ಬರೀ ಪ್ರೀತಿ, ಅಳು, ಹೂವು." ನಿಜ. 1974ರಲ್ಲಿ ಆ ದೇಶದಲ್ಲಿ ಸೈನ್ಯದ ಆಳ್ವಿಕೆ. ಗಿಲ್ಬೆರ್ತೊ ಜಿಲ್, ಕಾಯೆತಾನೊ ವೆಲೋಜೊ 1968ರ ಡಿಸೆಂಬರಿನಲ್ಲಿ ಬಂಧನಕ್ಕೆ ಒಳಗಾಗಿ ದೇಶ ಬಿಟ್ಟು ಲಂಡನ್ನಿಗೆ ಹೋಗಬೇಕಾಯಿತು. ಶೀಕೊ ಬುವಾರ್ಕಿಯ ಹಾಡುಗಳ ಮೇಲೆ ಸೆನ್ಸಾರಿನ ಕತ್ತರಿ. ಕಾರ್ತೊಲಾ ಸೈನ್ಯದ ವಿರುದ್ಧ ಹಾಡಲಿಲ್ಲ. ಅದನ್ನು ಮುಚ್ಚಿಟ್ಟು ಅವನನ್ನು ಕ್ರಾಂತಿಕಾರಿ ಅಂತ ಮೆರೆಸಲು ನಾನು ತಯಾರಿಲ್ಲ.

ಆದರೆ ಅಣ್ಣಾ, ನಮಗೆ ಅಳಲು ಯಾರ ಅಪ್ಪಣೆ ಬೇಕು? ಮೇಲಿನವರು ಅತ್ತರೆ ಕರುಣರಸ, ನಾವು ಅತ್ತರೆ ಗೋಳು ಅಂದವರು ಅವರು. ನಾವು ಅತ್ತರೆ ದೌರ್ಬಲ್ಯ ಅಂತ ನಾವೇ ಅನ್ನಬೇಕೇ? ಅವರು ನಮ್ಮನ್ನು ಬರೀ ದುಡಿಯುವ ಕೈ ಅಂದರು, ನಾವು ನಮ್ಮನ್ನು ಬರೀ ಎತ್ತಿದ ಮುಷ್ಟಿ ಅಂದರೆ ಲೆಕ್ಕ ಸರಿಹೋಯಿತೇ? ಅಂಗೈ ಎಲ್ಲಿ ಹೋಯಿತು? ಗಾರೆ ಕಲಸಿದ ಕೈ ಗುಲಾಬಿ ಗಿಡವನ್ನೂ ಬೆಳೆಸುತ್ತದೆ, ಅದರ ಮುಂದೆ ನಿಂತು ಒಬ್ಬಂಟಿ ಅನ್ನಿಸಿಕೊಳ್ಳುತ್ತದೆ. ಆ ಒಬ್ಬಂಟಿತನವೂ ಆಸ್ತಿಯೇ, ನಮ್ಮಿಂದ ಕಿತ್ತುಕೊಂಡ ಆಸ್ತಿ.

1976ರ ಎರಡನೆಯ ರೆಕಾರ್ಡು ಕೇಳಿ. ಹೊದಿಕೆಯ ಮೇಲೆ ಕಿಟಕಿಯಲ್ಲಿ ನಿಂತ ಅವನು ಮತ್ತು ಜೀಕಾ. ಗುಲಾಬಿಯ ಹಾಡು ಇರುವುದು ಅದರಲ್ಲೇ. ಮೊದಲ ಹಾಡಿನ ಹೆಸರಿನಲ್ಲಿ ಲೋಕವನ್ನು ಗಿರಣಿ ಅಂದಿದ್ದಾನೆ; ಕಾಳು ಅರೆಯುವ ಗಿರಣಿ. ಮನೆ ಬಿಟ್ಟು ಹೊರಟ ಎಳೆಯ ಹುಡುಗಿಗೆ ಹಿರಿಯ ಹೇಳುವ ಬುದ್ಧಿಮಾತು. ಬೀಸುವ ಕಲ್ಲಿನ ಮುಂದೆ ಕೂತು ಹಾಡಿದ ಅವ್ವಂದಿರ ಮಕ್ಕಳಿಗೆ ಈ ಹಾಡಿಗೆ ಟಿಪ್ಪಣಿ ಬೇಡ. ಬಟ್ಟೆ ಒಗೆಯುವವಳ ಹಾಡೊಂದಿದೆ, ಅದನ್ನು ಸಾಕುಮಗಳು ಕ್ರೆಯೂಜಾಳ ಜೊತೆ ಹಾಡುತ್ತಾನೆ. (1977ರ, 1979ರ ರೆಕಾರ್ಡುಗಳೂ ಇವೆ. ನನಗೆ ಅಷ್ಟು ಹಿಡಿಸಲಿಲ್ಲ. ಬದುಕಿದ್ದಾಗ ಬಂದದ್ದು ಈ ನಾಲ್ಕೇ.) ಇನ್ನೊಂದು ಹಾಡು ಅವನದಲ್ಲ, ಕಾಂದೇಯಾನದು. ಹಿಂದೆ ಬಸೂನ್ ಅನ್ನುವ ಉದ್ದ ಕೊಳವೆವಾದ್ಯ ಬಿಕ್ಕುತ್ತದೆ. ಈ ಕಾಂದೇಯಾ ಯಾರು? ಮೊದಲು ಪೊಲೀಸಿನವನು, 1965ರಲ್ಲಿ ಗುಂಡು ತಗುಲಿ ಗಾಲಿಕುರ್ಚಿಗೆ ಬಿದ್ದ ಮೇಲೆ ಬೇರೆ ಮನುಷ್ಯನಾದ. ಸಾಂಬಾ ಶಾಲೆಗಳನ್ನು ದುಡ್ಡಿನವರು, ಟಿಕೆಟಿನವರು ನುಂಗುತ್ತಿದ್ದಾರೆ ಅಂತ ಸಿಟ್ಟಾಗಿ 1975ರ ಡಿಸೆಂಬರಿನಲ್ಲಿ ತನ್ನದೇ ಶಾಲೆ ಕಟ್ಟಿದ. ಹೆಸರು ಕಿಲೊಂಬೊ: ಓಡಿಹೋದ ಗುಲಾಮರು ಕಾಡಿನಲ್ಲಿ ಕಟ್ಟಿಕೊಂಡ ಸ್ವತಂತ್ರ ಊರಿಗೆ ಆ ಹೆಸರು. ಮೂರು ವರ್ಷಕ್ಕೆ, 1978ರಲ್ಲಿ, ಸಾವೊ ಪಾವ್ಲೊ ನಗರದ ನಾಟಕಶಾಲೆಯ ಮೆಟ್ಟಿಲ ಮೇಲೆ ಕರಿಯರ ಐಕ್ಯ ಚಳವಳಿ ಸೈನ್ಯದ ಕಣ್ಣೆದುರೇ ನಿಂತು ಘೋಷಣೆ ಕೂಗಿತು. ಆ ಮನುಷ್ಯನ ಹಾಡನ್ನು ಈ ಮುದುಕ ತನ್ನ ಬಾಯಲ್ಲಿ ಹಾಡಿದ. ಹೋರಾಟ ಎಲ್ಲಿದೆ ಅಂತ ಕೇಳಿದ ಸಂಗಾತಿಗೆ ಇದನ್ನೂ ಹೇಳಿದೆ. ಅವನು ಒಪ್ಪಲಿಲ್ಲ. ಆದರೆ ಗಿರಣಿಯ ಹಾಡನ್ನು ಇನ್ನೊಂದು ಸಲ ಹಾಕಲು ಹೇಳಿದ.

ಕಾರ್ತೊಲಾ ಸತ್ತದ್ದು 1980ರ ನವೆಂಬರ್ 30ರಂದು, ಕ್ಯಾನ್ಸರಿನಿಂದ. ಕಾಂದೇಯಾನ ಆ ಹಾಡನ್ನು 2002ರ ಒಂದು ಸಿನಿಮಾಕ್ಕೆ, ಫವೇಲಾದ ಹುಡುಗರ ಕೈಗೆ ಕೋವಿ ಬಂದ ಕತೆಯ 'ದೇವರ ನಗರ' ಅನ್ನುವ ಚಿತ್ರಕ್ಕೆ ಬಳಸಿಕೊಂಡರು. ಜಗತ್ತೆಲ್ಲ ಕೇಳಿತು, ಮತ್ತೆ ಒಂದು ಮರುಶೋಧ! ಆ ಎರಡು ರೆಕಾರ್ಡುಗಳ ಮೊದಲ ಅಚ್ಚಿಗೆ ಸಂಗ್ರಹಕಾರರು ಬೆಲೆ ಏರಿಸುತ್ತ ಕೂತಿದ್ದಾರೆ. ಆ ಬೆಲೆಯ ಒಂದು ಕಾಸೂ ಗುಡ್ಡ ಹತ್ತುವುದಿಲ್ಲ. ರೆಕಾರ್ಡು ಹಳೆಯದಾದಷ್ಟೂ ಬೆಲೆ, ಹಾಡಿದವನು ಹಳೆಯವನಾದಷ್ಟೂ ಅಗ್ಗ: ಇದೆಂಥ ಮಾರುಕಟ್ಟೆ?

ಗುಡ್ಡದವರು ಮಾತ್ರ ಯಾರ ಮರುಶೋಧಕ್ಕೂ ಕಾದು ಕೂತಿಲ್ಲ. 2019ರ ಕಾರ್ನಿವಲ್‌ನಲ್ಲಿ ಮಂಗೇಯ್ರಾದ ಶಾಲೆ, ಅದೇ ಹಸಿರು ಗುಲಾಬಿ ಬಾವುಟ ಹಿಡಿದು, ಪಠ್ಯಪುಸ್ತಕ ಬಿಟ್ಟುಬಿಟ್ಟ ಕರಿಯರ, ಮೂಲನಿವಾಸಿಗಳ, ಹೆಂಗಸರ ಚರಿತ್ರೆಯನ್ನೇ ಮೆರವಣಿಗೆ ಮಾಡಿತು. ಕಬ್ರಾಲನ ಆ 'ಕಂಡುಹಿಡಿಯುವಿಕೆ'ಯನ್ನು ಬೀದಿಯಲ್ಲೇ ಪ್ರಶ್ನಿಸಿತು. ಹಿಂದಿನ ವರ್ಷ ಮಾರ್ಚಿಯಲ್ಲಿ ಗುಂಡಿಟ್ಟು ಕೊಂದಿದ್ದ ಫವೇಲಾದ ಮಗಳು, ನಗರಸಭೆಯ ಸದಸ್ಯೆ ಮಾರಿಯೆಲಿ ಫ್ರಾಂಕೊಳ ಹೆಸರನ್ನು ಹಾಡಿನಲ್ಲೇ ಕೂಗಿತು. ಆ ವರ್ಷದ ಮೊದಲ ಬಹುಮಾನವೂ ಆ ಶಾಲೆಗೇ ಬಂತು.

ಬೆಂಗಳೂರಿನ ಆ ಕೂಟ ಬರುವ ತಿಂಗಳು ಮತ್ತೆ ಇದೆಯಂತೆ. 1976ರ ರೆಕಾರ್ಡು ಹಾಕ್ತಾರಂತೆ. ನಾನು ಹೋಗ್ತೇನೆ, ಜೈಲು ಕಂಡ ಆ ಸಂಗಾತಿಯನ್ನೂ ಕರಕೊಂಡು. ಕೇಳಬೇಕಾದದ್ದನ್ನು ಚೀಟಿಯಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮೊದಲನೆಯದು ಜೀಕಾಳ ಹೆಸರು. ಎರಡನೆಯದು, ಆ ಮೂರು ಪ್ಯಾಕೆಟ್ ಸಿಗರೇಟಿನ ಲೆಕ್ಕ.